ಬಳ್ಳಾರಿಯಿಂದ ಕಂಠೀರವಕ್ಕೆ, ಅಲ್ಲಿಂದ ಮೈಸೂರು ಅರಮನೆಗೆ: 2019ರ ನಮ್ಮ ಕಾರ್ ಪ್ರವಾಸ

ಗುಡ್ಡದ ನೆರಳು, ಬಳ್ಳಾರಿ

ಮೊನ್ನೆ ಬೀರು ಖಾಲಿ ಮಾಡುವಾಗ ಹಳೇ ಫೋನ್ ಸಿಕ್ಕಿತು. ಚಾರ್ಜಿಗೆ ಹಾಕಿದೆ, ಪುಣ್ಯಕ್ಕೆ ಆನ್ ಆಯಿತು. ಒಳಗೆ 2019ರ ಸೆಪ್ಟೆಂಬರ್ ಕೊನೆಯ ಫೋಟೊಗಳು. ನೋಡಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಆ ವರ್ಷ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆದದ್ದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಸೆಪ್ಟೆಂಬರ್ 24ರಿಂದ 29. ಎಂಟು ತಂಡ. ಶನಿವಾರ ಸೆಮಿಫೈನಲ್, ಭಾನುವಾರ ಫೈನಲ್. ಇಷ್ಟು ಹತ್ತಿರಕ್ಕೆ ಬಂದಿದ್ದನ್ನು ಬಿಡೋದು ಹೇಗೆ?

ನಾವು ನಾಲ್ಕು ಜನ. ಜೀನ್ಸ್ ಹೊಲಿಯುವ ಯೂನಿಟ್ ಇಟ್ಟವನೊಬ್ಬ, ಕಾರು ಅವನದು. ಬ್ಯಾಂಕಿನವನೊಬ್ಬ, ಲೆಕ್ಕ ಅವನದು. ಕುರುಗೋಡು ಕಡೆ ಬಯಲಾಟಕ್ಕೆ ಮದ್ದಲೆ ಬಾರಿಸುವವನೊಬ್ಬ, ಅವನನ್ನು ನಾವು ಮದ್ದಲೆ ಅಂತಲೇ ಕರೆಯೋದು. ನಾಲ್ಕನೆಯವನು ನಾನು, ಐದಡಿ ಮೂರಿಂಚು. ಎತ್ತರ ಯಾಕೆ ಹೇಳಿದೆ ಅನ್ನೋದು ಮುಂದೆ ಬರುತ್ತೆ.

ಮದ್ದಲೆಗೆ ಈ ಆಟದ ಗಂಧ ಗಾಳಿ ಇಲ್ಲ. "ಬುಟ್ಟಿಗೆ ಚೆಂಡು ಹಾಕೋದು ನೋಡೋಕೆ ಮುನ್ನೂರು ಕಿಲೋಮೀಟರ್ ಬರಬೇಕಾ?" ಅಂದ. ಕೊನೆಗೆ ಒಂದು ಮಾತಿಗೆ ಬಂದೆವು. 29ಕ್ಕೆ ಮೈಸೂರಲ್ಲಿ ದಸರಾ ಶುರು. ಸೋಮವಾರ ಸಂಜೆ ಅರಮನೆ ಮುಂದೆ ಕಛೇರಿ ಕೇಳಿಸಿದರೆ ಎರಡು ದಿನ ಚೆಂಡು ನೋಡ್ತೀನಿ ಅಂದ. ಆಯ್ತಪ್ಪ ಅಂದೆವು.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟೆವು. ಹಿರಿಯೂರು ರಸ್ತೆ. ಆಗ ಅಗಲ ಮಾಡುವ ಕೆಲಸ ನಡೆಯುತ್ತಿತ್ತು, ಹೆಜ್ಜೆಗೊಂದು ಡೈವರ್ಶನ್. ರಾಂಪುರ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಟೈರ್ ಕೂತಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಕಾಣಲಿಲ್ಲ, ಕಂಡಿದ್ದು ಜೀನ್ಸ್ ಬಂಡಲ್. ಹೆಂಗೂ ಹೋಗ್ತೀವಲ್ಲ, ಚಿಕ್ಕಪೇಟೆಗೆ ಮಾಲು ಕೊಟ್ಟೇ ಬರೋಣ ಅಂತ ಇವನು ನಮಗೊಂದು ಮಾತೂ ಹೇಳದೆ ತುಂಬಿದ್ದ. ಎಂಟು ಬಂಡಲ್ ಕತ್ತಲಲ್ಲಿ ರಸ್ತೆ ಬದಿಗೆ ಇಳಿಸಿದೆವು. ಜಾಕ್ ತಿರುಗಿಸಿದರೆ ಕಾರು ಮೇಲೆ ಏಳುತ್ತಿಲ್ಲ, ಜಾಕೇ ಕೆಳಗೆ ಇಳಿಯುತ್ತಿದೆ. ಹಿಂದಿನ ದಿನ ಮಳೆ ಕುಡಿದ ಎರೆಮಣ್ಣು ಅದು. ಮೊಬೈಲ್ ಬೆಳಕಲ್ಲಿ ಒಂದು ಚಪ್ಪಡಿ ಕಲ್ಲು ಹುಡುಕಿ ತಂದು ಜಾಕ್ ಕೆಳಗಿಟ್ಟ ಮೇಲೆ ಕೆಲಸ ಆಯಿತು. ಬ್ಯಾಂಕಿನವನು ಬಂಡಲ್ ಎಣಿಸಿ ವಾಪಸ್ ಹಾಕಿಸಿದ. ಎಂಟು ಸರಿಯಾಗಿ ಬಂತು.

ಉಳಿದಿದ್ದು ಸಂಜೆ ಬರೆಯುತ್ತೇನೆ.

ತೋರಣಗಲ್ಲು ನೈಟ್ ಶಿಫ್ಟ್

ಅಣ್ಣಾ, ಬೆಂಗಳೂರು ಮತ್ತು ಮೈಸೂರು ಎರಡೂ ಇದ್ದರೆ ಹಂಪಿ ಎಕ್ಸ್‌ಪ್ರೆಸ್ ಇರುವಾಗ ಕಾರ್ ಯಾಕೆ? ರಾತ್ರಿ ಬಳ್ಳಾರಿಯಲ್ಲಿ ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು, ಅದೇ ಗಾಡಿ ಮೈಸೂರಿಗೂ ಹೋಗುತ್ತೆ. ಟೈರಿಲ್ಲ, ಜಾಕಿಲ್ಲ, ಎರೆಮಣ್ಣಿಲ್ಲ.

ಸಿರುಗುಪ್ಪ ಸೋನಾಮಸೂರಿ

ದಸರಾ ಟೈಮಲ್ಲಿ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಕೊಡಿಸಿ ನೋಡೋಣ ಶಿಫ್ಟ್ ಸಾಹೇಬರೇ. ವೇಟಿಂಗ್ ಲಿಸ್ಟಲ್ಲೇ ಹಬ್ಬ ಮುಗಿಯುತ್ತೆ.

ಕಾರಲ್ಲೇ ಹೋಗೋದಾದರೆ ಅನಂತಪುರ ರಸ್ತೆ ಹಿಡೀಬೇಕಿತ್ತು. ಉರವಕೊಂಡ ಮೇಲೆ ಅನಂತಪುರಕ್ಕೆ ಸುಮಾರು ನೂರು ಕಿಲೋಮೀಟರ್, ಅಲ್ಲಿಂದ ಹೈದರಾಬಾದ್ ಹೈವೇ. ಪೆನುಕೊಂಡ, ಚಿಕ್ಕಬಳ್ಳಾಪುರ, ದೇವನಹಳ್ಳಿ. ಟೋಲ್ ಜಾಸ್ತಿ, ನಿಜ. ಆದರೆ ಗಾಡಿ ನೀರಲ್ಲಿ ತೇಲಿದ ಹಾಗೆ ಹೋಗುತ್ತೆ.

ಗುಡ್ಡದ ನೆರಳು, ಬಳ್ಳಾರಿ

ಅನಂತಪುರ ರಸ್ತೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆ ದಾರಿಯಲ್ಲಿ ಹೋದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸಿಗಲ್ಲವಲ್ಲ. ಮದ್ದಲೆ ನಾಲ್ಕು ತಿಂದ. ಆಮೇಲೆ "ಚಟ್ನಿಗೆ ಖಾರವೇ ಇಲ್ಲ, ಮಕ್ಕಳಿಗೆ ಮಾಡಿದ ಹಾಗಿದೆ" ಅಂತ ಗೊಣಗಿದ. ಗೊಣಗುತ್ತಲೇ ಐದನೆಯದಕ್ಕೆ ಕೈ ಎತ್ತಿದ.

ಹೋಗುವವರಿಗೆ ಒಂದು ಉಪಾಯ. ಕಾರನ್ನು ಊರೊಳಗೆ ಒಯ್ಯಬೇಡಿ. ಆಗ ತುಮಕೂರು ರಸ್ತೆ ಕಡೆ ಮೆಟ್ರೊ ನಾಗಸಂದ್ರಕ್ಕೆ ಮುಗಿಯುತ್ತಿತ್ತು. ಆ ಕಡೆ ನಮ್ಮವರೊಬ್ಬರ ಮನೆ ಇತ್ತು, ಕಾರು ಅಲ್ಲೇ ಬಿಟ್ಟೆವು. ಮೆಜೆಸ್ಟಿಕ್‌ನಲ್ಲಿ ಹಸಿರಿನಿಂದ ನೇರಳೆಗೆ ಬದಲಾಯಿಸಿ ಕಬ್ಬನ್ ಪಾರ್ಕ್ ಹತ್ತಿರ ಇಳಿದು ನಡೆದೆವು. ಈಗ ಅದೇ ಹಸಿರು ಮಾರ್ಗ ಮಾದಾವರದ ತನಕ ಬಂದಿದೆ, 2024ರ ನವೆಂಬರ್‌ನಿಂದ. ಇನ್ನೂ ಸುಲಭ.

ಸರಿ, ಕಂಠೀರವ.

ಒಳಗೆ ಕಾಲಿಟ್ಟ ಕೂಡಲೇ ನನಗೆ ಮೊದಲು ಹಿಡಿಸಿದ್ದು ಆಟ ಅಲ್ಲ, ಸದ್ದು. ನಾವು ಬಳ್ಳಾರಿಯಲ್ಲಿ ಆಡಿದ್ದೆಲ್ಲ ಸಿಮೆಂಟ್ ಅಂಕಣ. ಅಲ್ಲಿ ಚೆಂಡು ಟಪ್ ಟಪ್ ಅನ್ನುತ್ತೆ, ಶೂ ಸರ್ರ್ ಅಂತ ಸವೆಯುತ್ತೆ. ಇಲ್ಲಿ ಮರದ ನೆಲ. ಓಡುತ್ತಿದ್ದವರು ಗಕ್ಕನೆ ನಿಂತಾಗಲೆಲ್ಲ ಕೀಂಚ್ ಅಂತ ಶಬ್ದ. ಹತ್ತು ಜನ ಒಟ್ಟಿಗೆ ದಿಕ್ಕು ಬದಲಿಸಿದರೆ ಹಕ್ಕಿ ಗುಂಪು ಕೂಗಿದ ಹಾಗೆ. ಚೆಂಡು ನೆಲಕ್ಕೆ ಬಿದ್ದರೆ ದುಂ ಅನ್ನುತ್ತೆ. ಮದ್ದಲೆ ಅದನ್ನು ಕೇಳಿಸಿಕೊಂಡು "ಇದು ಎಡಗಡೆ ಬಾಯಿ" ಅಂದ. ಮದ್ದಲೆಯ ಎಡಗಡೆ ದಪ್ಪ ನಾದ ಅಂತೆ.

ಸೆಮಿಫೈನಲ್ ಎರಡು. ಒಂದರಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು ಸೋಲಿಸಿತು, ಇನ್ನೊಂದರಲ್ಲಿ ಚೀನಾ ಕೊರಿಯಾವನ್ನು. ಮದ್ದಲೆಗೆ ಆಟ ಅರ್ಥ ಮಾಡಿಸುವ ಕೆಲಸ ನನ್ನದು. ಚೆಂಡು ಕೈಗೆ ಬಂದ ಮೇಲೆ 24 ಸೆಕೆಂಡ್ ಒಳಗೆ ರಿಂಗಿಗೆ ಎಸೆಯಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ ಅಂದೆ. ಅವನು ಗಡಿಯಾರ ನೋಡಲೇ ಇಲ್ಲ. ತೊಡೆ ಮೇಲೆ ಕೈ ಹಾಕಿ ಎಣಿಸೋಕೆ ಶುರು ಮಾಡಿದ. "ಆದಿತಾಳ. ಎಂಟಕ್ಕೆ ಒಂದು ಆವರ್ತ. ಮೂರು ಆವರ್ತ ಮುಗಿಯೋದರೊಳಗೆ ಹಾಕಬೇಕು. ಅಷ್ಟೇ ತಾನೆ?" ಅಂದ. ಅಷ್ಟೇ ಮಾರಾಯ. ಇಪ್ಪತ್ತು ವರ್ಷದಿಂದ ಈ ಆಟ ನೋಡುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ.

ಆಮೇಲೆ ಒಂದು ಚೆಂಡು ರಿಂಗಿಗೆ ಬಡಿದು ಎಸೆದವರ ಕೈಗೇ ವಾಪಸ್ ಬಂತು. ಗಡಿಯಾರ 14ಕ್ಕೆ ನಿಂತಿತು. ಆಗ ತಾಳ ತಪ್ಪಿತು ನೋಡಿ. "ಇದ್ಯಾವ ಲೆಕ್ಕ?" ಅಂತ ಸಿಟ್ಟಾದ. ರೀಬೌಂಡ್ ಎಸೆದವರಿಗೇ ಸಿಕ್ಕರೆ 14 ಸೆಕೆಂಡ್ ಮಾತ್ರ ಅಂದೆ. "ಎಂಟಕ್ಕೂ ಕೂಡಲ್ಲ, ಆರಕ್ಕೂ ಕೂಡಲ್ಲ, ಏಳಕ್ಕೆ ಎರಡು ಸಲ. ಹಾಗಾದರೆ ಇದು ಮಿಶ್ರ" ಅಂತ ತಾನೇ ಸಮಾಧಾನ ಮಾಡಿಕೊಂಡ.

ಒಗ್ಗರಣೆ ಮಿರ್ಚಿ

ಮಿಶ್ರ ಅಂದಿದ್ದು ಓದಿ ಚಹಾ ಮೂಗಿಗೆ ಹತ್ತಿತು. ನಾನು ತಬಲಾ ಕಲಿತವನು. ನಮ್ಮ ಹಿಂದೂಸ್ತಾನಿಯ ತೀನ್‌ತಾಳ ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ. 24 ಅಂದರೆ ಒಂದೂವರೆ ಆವರ್ತನ. ಅರ್ಧಕ್ಕೆ ಬಿಟ್ಟ ಹಾಗಾಗುತ್ತೆ. ಈ ಆಟ ಮಾಡಿದವರು ಕರ್ನಾಟಕ ಸಂಗೀತದವರೇ ಇರಬೇಕು.

ಭಾರತದ ಕಥೆ ಏನಾಯ್ತು ಅಲ್ಲಿ? ಅದನ್ನು ಬರೆದೇ ಇಲ್ಲ.

ಗುಡ್ಡದ ನೆರಳು, ಬಳ್ಳಾರಿ

ಬರೆಯೋ ಹಾಗಿದ್ದರೆ ಬರೆಯುತ್ತಿದ್ದೆ. ಫಿಲಿಪ್ಪೀನ್ಸ್ ಎದುರೂ ಸೋತು ಎಂಟನೇ ಸ್ಥಾನ. ಎಂಟು ತಂಡದಲ್ಲಿ ಎಂಟನೆಯದು. ಆ ಪಂದ್ಯ ನಾವು ನೋಡಲಿಲ್ಲ, ಮೊಬೈಲಲ್ಲಿ ಸ್ಕೋರ್ ನೋಡಿ ಸುಮ್ಮನಾದೆವು.

ಕೊಪ್ಪಳದ ಅಕ್ಕ

ಅದಕ್ಕೆ ಎರಡು ವರ್ಷ ಮೊದಲಿನದನ್ನೂ ಹೇಳಿ ತಮ್ಮಾ. 2017ರ ಜುಲೈನಲ್ಲಿ ಅದೇ ಬೆಂಗಳೂರಲ್ಲಿ ಏಷ್ಯಾ ಕಪ್‌ನ ಕೆಳಗಿನ ಹಂತ, ಬಿ ವಿಭಾಗದ ಫೈನಲ್ ಗೆದ್ದೇ ನಮ್ಮ ಹುಡುಗಿಯರು ಎ ವಿಭಾಗಕ್ಕೆ ಹೋಗಿದ್ದು. ಕಝಾಕಿಸ್ತಾನದ ಮೇಲೆ 75–73. ಎರಡೇ ಪಾಯಿಂಟ್. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಫೋನಲ್ಲಿ ನೋಡಿದ್ದೆ. ಎರಡು ರೊಟ್ಟಿ ಸೀದು ಹೋದವು.

ಎಂಟನೇ ಸ್ಥಾನ ಅಂತ ಹಗುರ ಮಾಡಬೇಡಿ. ಜಪಾನ್, ಕೊರಿಯಾ ಇರುವ ಗುಂಪಲ್ಲಿ ಆಡಿ ಬಂದದ್ದು ಅವರು.

ಗುಡ್ಡದ ನೆರಳು, ಬಳ್ಳಾರಿ

ಸರಿ ಅಕ್ಕಾ, ತಪ್ಪಾಯ್ತು. ನೀವು ಹೇಳಿದ್ದೇ ಸರಿ.

ಈಗ ನನ್ನ ಎತ್ತರದ ವಿಷಯ. ಎಂಟನೇ ಕ್ಲಾಸಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಸಾಲಲ್ಲಿ ನಿಂತಿದ್ದೆ. ಪೀಟಿ ಮಾಸ್ತರು ಬಂದರು, ತಲೆ ಮೇಲೆ ಕೈ ಇಟ್ಟು ಕೆಳಗೆ ಒತ್ತಿದರು. ಬಾವಿ ಆಳ ನೋಡುವ ಹಾಗೆ. "ಕುಳ್ಳಾ, ನೀನು ಖೋಖೋ ಸಾಲಿಗೆ ಹೋಗು" ಅಂದರು. ಎಲ್ಲರೂ ನಕ್ಕರು. ಶಾಲೆ ಹೆಸರು ಬೇಡ, ಮಾಸ್ತರು ಈಗಿಲ್ಲ. ಖೋಖೋ ಕೆಟ್ಟ ಆಟ ಅಂತಲ್ಲ. ಆದರೆ ನಾನು ಕೇಳಿದ್ದು ಅದಲ್ಲವಲ್ಲ. ಕಾಲೇಜಿಗೆ ಹೋದ ಮೇಲೆ ಸಂಜೆ ಹೊತ್ತು ಜಾಗ ಖಾಲಿ ಇದ್ದಾಗ ಆಡಿದ್ದೇ ನನ್ನ ಬ್ಯಾಸ್ಕೆಟ್‌ಬಾಲ್.

ಭಾನುವಾರ ಫೈನಲ್. ಜಪಾನ್, ಚೀನಾ. ಚೀನಾದವರು ಸಾಲಾಗಿ ನಿಂತರೆ ತೆಂಗಿನ ತೋಟ. ಜಪಾನ್ ತಂಡದಲ್ಲಿ ಮಾಚಿದಾ ರುಯಿ ಅಂತ ಒಬ್ಬಳು, 162 ಸೆಂಟಿಮೀಟರ್. ಲೆಕ್ಕ ಹಾಕಿ, ಐದಡಿ ನಾಲ್ಕಿಂಚು. ನನಗಿಂತ ಒಂದಿಂಚು ಜಾಸ್ತಿ ಅಷ್ಟೇ. ರಿಂಗ್ ಇರೋದು 3.05 ಮೀಟರ್ ಮೇಲೆ, ಅಂದರೆ ಹತ್ತಡಿ. ಅವಳು ಅದರ ಕಡೆ ಜಾಸ್ತಿ ನೋಡೋದೂ ಇಲ್ಲ. ನೋಡೋದು ಯಾರು ಎಲ್ಲಿ ಖಾಲಿ ಆಗ್ತಾರೆ ಅಂತ. ಎತ್ತರದವರ ಕಂಕುಳ ಕೆಳಗಿಂದ, ಕಾಲ ಸಂದಿಯಿಂದ ಚೆಂಡು ದಾಟಿಸುತ್ತಾಳೆ. ಹಿಡಿಯುವವಳು ಇನ್ನೂ ಆ ಜಾಗಕ್ಕೆ ಬಂದೇ ಇರಲ್ಲ, ಚೆಂಡು ಮೊದಲೇ ಬಂದು ಕಾಯುತ್ತಿರುತ್ತೆ. ನಾನು ಪಂದ್ಯ ನೋಡಿದ್ದು ಕಡಿಮೆ, ಅವಳನ್ನು ನೋಡಿದ್ದೇ ಜಾಸ್ತಿ.

71–68. ಜಪಾನ್. ಸತತ ನಾಲ್ಕನೇ ಸಲ. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಅಂತ ಮೊತೊಹಾಶಿ ನಾಕೊಗೆ ಕೊಟ್ಟರು, ಅವಳೂ ಮಾಚಿದಾ ಹಾಗೆ ಗಾರ್ಡೇ, ಅಂದರೆ ಚೆಂಡು ಮುಂದೆ ಒಯ್ದು ಆಟ ನಡೆಸುವವಳು. ಗಂಟೆ ಹೊಡೆದಾಗ ಬ್ಯಾಂಕಿನವನು ನನ್ನ ಭುಜ ಅಲ್ಲಾಡಿಸಿ "ಯಾಕೋ ಕಣ್ಣು ಒದ್ದೆ?" ಅಂದ. ಏಸಿ ಅಂದೆ.

ಹಳೇ ಸೆಂಟರ್, ಹೊಸಪೇಟೆ

ಬರಹ ಚೆನ್ನಾಗಿದೆ. ಆದರೆ ಒಂದು ಮಾತು ನೇರ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಾನು ಆರಡಿ ಎರಡಿಂಚು. ಜಿಲ್ಲೆಗೆ ಆಡಿದವನು, ಆಗ ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಎತ್ತರ ಮುಖ್ಯ ಅಲ್ಲ ಅನ್ನೋದು ಸುಳ್ಳು. ಪಾಸ್ ಕಲಿಸಬಹುದು, ಓಟ ಕಲಿಸಬಹುದು, ಎತ್ತರ ಕಲಿಸೋಕಾಗಲ್ಲ. ನಿಮ್ಮ ಮಾಸ್ತರ ಹತ್ತಿರ ಒಂದೇ ಚೆಂಡು ಇದ್ದಿರಬಹುದು, ಅರವತ್ತು ಹುಡುಗರು. ಅವರು ಏನು ಮಾಡಬೇಕಿತ್ತು?

ಮತ್ತೆ ಎತ್ತರದವರಿಗೂ ಸುಖ ಇಲ್ಲ ಸ್ವಾಮಿ. "ನೀನು ಉದ್ದ ಇದ್ದೀಯ, ರಿಂಗ್ ಕೆಳಗೆ ನಿಲ್ಲು" ಅಂತ ನನ್ನನ್ನು ಐದು ವರ್ಷ ಅಲ್ಲೇ ನಿಲ್ಲಿಸಿದರು. ಡ್ರಿಬಲ್ ಮಾಡೋಕೆ, ಅಂದರೆ ಚೆಂಡು ಪುಟಿಸುತ್ತಾ ಓಡೋಕೆ, ಬಿಡಲೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಕಾದ ಸಿಮೆಂಟ್ ಮೇಲೆ ಹಾರಿ ಹಾರಿ ಎರಡೂ ಮಂಡಿ ಹೋದವು. ಈಗ ಮೆಟ್ಟಿಲು ಇಳಿಯುವಾಗ ಅವು ಮಾತಾಡುತ್ತವೆ.

ಗುಡ್ಡದ ನೆರಳು, ಬಳ್ಳಾರಿ

ಬೇಜಾರಿಲ್ಲ ಸರ್. ಒಂದೇ ಚೆಂಡು ಅನ್ನೋದು ನಿಜ, ಅದಕ್ಕೂ ಗಾಳಿ ನಿಲ್ಲುತ್ತಿರಲಿಲ್ಲ. ಎತ್ತರ ಬೇಡ ಅಂತ ನಾನೂ ಹೇಳಲ್ಲ. ಚೀನಾ ಫೈನಲ್‌ಗೆ ಬಂದದ್ದು ಸುಮ್ನೆ ಅಲ್ಲ. ಆದರೆ ಅದೇ ಮಾಚಿದಾ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು 18 ಅಸಿಸ್ಟ್ ಕೊಟ್ಟಳು, ಅಂದರೆ ಜೊತೆಯವರು ನೇರ ಬುಟ್ಟಿಗೆ ಹಾಕಿದಂಥ ಪಾಸು. ಮಹಿಳೆಯರ ಒಲಿಂಪಿಕ್ ದಾಖಲೆ ಅದು. ಜಪಾನ್‌ಗೆ ಬೆಳ್ಳಿ ಬಂತು. ನನ್ನನ್ನೂ ಆ ಸಾಲಲ್ಲಿ ಒಂದು ವಾರ ನಿಲ್ಲಿಸಿ ಆಮೇಲೆ ಕಳಿಸಬಹುದಿತ್ತು ಅಂತ ಅಷ್ಟೇ. ನಿಮ್ಮನ್ನೂ ಒಂದು ವಾರ ಡ್ರಿಬಲ್ ಮಾಡೋಕೆ ಬಿಡಬಹುದಿತ್ತು, ಅಲ್ವಾ?

ಹಳೇ ಸೆಂಟರ್, ಹೊಸಪೇಟೆ

ಅದು ಸರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ರಾಯಚೂರು ಬಿಸಿಲು

ನಾನು ಅದೇ ವಾರದ ಕೊನೆಗೆ ಮುಂಬೈಗೆ ಹೋಗಿದ್ದೆ ಗೆಳೆಯರೇ! ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಭಾರತದಲ್ಲಿ ಆಡಿಸಿದ ಮೊದಲ ಪಂದ್ಯಗಳು. ಅಕ್ಟೋಬರ್ 4 ಮತ್ತು 5, ವರ್ಲಿಯ ಡೋಮ್‌ನಲ್ಲಿ. ಇಂಡಿಯಾನಾ ಪೇಸರ್ಸ್, ಸ್ಯಾಕ್ರಮೆಂಟೊ ಕಿಂಗ್ಸ್. ಮೊದಲ ದಿನ ಗ್ಯಾಲರಿ ತುಂಬಾ ಶಾಲೆ ಮಕ್ಕಳು, ನಮಗೆ ಸಿಕ್ಕಿದ್ದು ಎರಡನೇ ದಿನ. ಎಂಥ ದುರದೃಷ್ಟ ನೋಡಿ. ಮೊದಲ ದಿನ ಹೆಚ್ಚುವರಿ ಸಮಯಕ್ಕೆ ಹೋಗಿ 132–131. ಎರಡನೇ ದಿನ ಪೇಸರ್ಸ್ 130–106ಕ್ಕೆ ಆರಾಮಾಗಿ ಗೆದ್ದರು. ರಾಯಚೂರು ಮುಂಬೈ ಲೈನಿನ ಮೇಲೇ ಇರೋದರಿಂದ ರೈಲು ಸಲೀಸು. ಟಿಕೆಟ್ ದುಡ್ಡು ಕೇಳಬೇಡಿ, ಮನೆಯಲ್ಲಿ ಇವತ್ತಿಗೂ ನಿಜ ಹೇಳಿಲ್ಲ.

ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಶಕ್ತಿನಗರದ ಹತ್ತಿರ ಕೃಷ್ಣಾ ದಾಟಿ, ಮಕ್ತಲ್, ಮಹಬೂಬ್‌ನಗರ, ಇನ್ನೂರು ಕಿಲೋಮೀಟರ್ ಆಸುಪಾಸು. ಆಟ, ಹಾಡು ಎರಡಕ್ಕೂ ನಾವು ಅಲ್ಲಿಗೇ. ಕಛೇರಿ ಕಥೆ ಎಲ್ಲಿ? ಮದ್ದಲೆ ಅಣ್ಣನ ಪಾಲು ಕೊಡಿ.

ಗುಡ್ಡದ ನೆರಳು, ಬಳ್ಳಾರಿ

ಕೊಡುತ್ತೇನೆ. ಸೋಮವಾರ ಬೆಳಗ್ಗೆ ಚಿಕ್ಕಪೇಟೆಗೆ ಜೀನ್ಸ್ ಇಳಿಸುವಷ್ಟರಲ್ಲಿ ಹನ್ನೊಂದು. ಆಗ ಮೈಸೂರಿಗೆ ಈಗಿನ ಎಕ್ಸ್‌ಪ್ರೆಸ್ ಹೈವೇ ಇರಲಿಲ್ಲ, ಅದು ಉದ್ಘಾಟನೆ ಆಗಿದ್ದು 2023ರ ಮಾರ್ಚ್‌ನಲ್ಲಿ. ರಾಮನಗರ, ಚನ್ನಪಟ್ಟಣ, ಮಂಡ್ಯ ಎಲ್ಲ ಊರೊಳಗೇ ನುಗ್ಗಿ ಹೋಗಬೇಕು. ಮದ್ದೂರು ವಡೆ ತಿಂದೆವು. ಅದರಲ್ಲಿ ಖಾರ ಇತ್ತು, ಮದ್ದಲೆ ಮೈಸೂರು ಸೀಮೆಯನ್ನು ಕ್ಷಮಿಸಿದ.

ಮೈಸೂರಲ್ಲಿ ಲಾಡ್ಜಿನವರು ಕೈ ಕೊಟ್ಟರು. ಹೆಸರು ಬೇಡ. ಮುಂಗಡ ಕೊಟ್ಟು ಬುಕ್ ಮಾಡಿದ್ದ ರೂಮನ್ನು ಬೇರೆಯವರಿಗೆ ಕೊಟ್ಟಿದ್ದರು. "ದಸರಾ ಅಲ್ವಾ ಸಾರ್" ಅಂದರು, ಅದೇ ಕಾರಣ ಅನ್ನೋ ಹಾಗೆ. ದುಡ್ಡು ವಾಪಸ್ ಕೊಟ್ಟರು ಅನ್ನಿ. ಆ ರಾತ್ರಿ ನಾವು ಮಲಗಿದ್ದು ಕಾರಲ್ಲೇ. ನಾಲ್ಕು ಜನರಲ್ಲಿ ಕಾಲು ಚಾಚಿ ಮಲಗಿದವನು ನಾನೊಬ್ಬನೇ. ಕುಳ್ಳಗಿರೋದಕ್ಕೆ ಅಷ್ಟಾದರೂ ಲಾಭ ಬೇಡವೇ?

ಅರಮನೆ ಅಂಗಳದಲ್ಲಿ ಕುರ್ಚಿ ಸಿಗಲಿಲ್ಲ, ಹಿಂದೆ ನಿಂತೆವು. ಕತ್ತಲಾಗುತ್ತಾ ಬಂತು. ಒಮ್ಮೆಲೇ ದೀಪ ಹತ್ತಿದವು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಸುತ್ತ ಇದ್ದವರೆಲ್ಲ ಫೋನ್ ಎತ್ತಿದರು. ಮದ್ದಲೆ ಮಾತ್ರ ಅರಮನೆ ಕಡೆ ತಿರುಗಲೇ ಇಲ್ಲ. ಅವನ ಕಣ್ಣು ವೇದಿಕೆ ಮೇಲೆ ಮೃದಂಗಕ್ಕೆ ರವೆ ಹಚ್ಚುತ್ತಿದ್ದವರ ಬೆರಳ ಮೇಲೆ. ಒಂದು ಚಿಟಿಕೆ, ಒತ್ತಿ ನೋಡೋದು, ಬಾರಿಸೋದು, ಮತ್ತೆ ಒಂದು ಚಿಟಿಕೆ. "ನಮ್ಮ ಕಡೆ ಇಷ್ಟು ತಾಳ್ಮೆ ಇಲ್ಲ" ಅಂದ.

ಕೊಳಲು ಕಛೇರಿ. ರಾಗ ಗೀಗ ನನಗೆ ಗೊತ್ತಾಗಲ್ಲ. ಒಂದು ಹಂತದಲ್ಲಿ ಕೊಳಲು ನಿಂತು ಮೃದಂಗ, ಘಟ ಎರಡೇ ಉಳಿದವು. ತನಿ ಆವರ್ತನ ಅಂತ ಮದ್ದಲೆ ಹೇಳಿದ. ಇವರು ಒಂದು ಬಾರಿಸಿದರೆ ಅವರು ಅದನ್ನೇ ವಾಪಸ್ ಕೊಡೋದು. ಆಮೇಲೆ ಅದು ಅರ್ಧಕ್ಕೆ ಇಳಿಯಿತು, ಕಾಲು ಭಾಗಕ್ಕೆ ಇಳಿಯಿತು. ಒಬ್ಬರ ಕೈಯಿಂದ ಬಿಟ್ಟ ಮಾತು ಇನ್ನೊಬ್ಬರ ಕೈಗೆ ಬರುವ ಮೊದಲೇ ಅವರ ಕೈ ಎದ್ದಿರುತ್ತಿತ್ತು. ನನಗೆ ಹಿಂದಿನ ದಿನದ ಪಾಸುಗಳೇ ಕಂಡವು. ಹೇಳೋಣ ಅಂತ ತಿರುಗಿದರೆ ಮದ್ದಲೆ ನನ್ನ ತೊಡೆ ಮೇಲೇ ತಾಳ ಹಾಕುತ್ತಿದ್ದ. "ಮುಕ್ತಾಯ ಬಂತು. ಇನ್ನು ಎಂಟು ಸೆಕೆಂಡ್ ಇದೆ" ಅಂದ. ಸೆಕೆಂಡ್ ಅಂದ! ಮಾತ್ರೆ ಅನ್ನಲಿಲ್ಲ.

ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದಾಗ ಅವನು ಎರಡೂ ಕೈ ಮೇಲೆತ್ತಿದ. ಮೂರು ಪಾಯಿಂಟ್ ಹಾಕಿದಾಗ ರೆಫರಿ ಎತ್ತುವ ಹಾಗೆ.

ತೋರಣಗಲ್ಲು ನೈಟ್ ಶಿಫ್ಟ್

ಶಿಫ್ಟ್ ಮುಗಿಸಿ ಬಂದು ಓದಿದೆ. ರೈಲಿನ ಮಾತು ವಾಪಸ್ ತಗೊಂಡೆ. ರೈಲಲ್ಲಿ ಇಷ್ಟು ಕಥೆ ಹುಟ್ಟುತ್ತಿರಲಿಲ್ಲ. ಒಟ್ಟು ಖರ್ಚೆಷ್ಟು ಅಣ್ಣಾ?

ಗುಡ್ಡದ ನೆರಳು, ಬಳ್ಳಾರಿ

ಬ್ಯಾಂಕಿನವನ ಚೀಟಿ ಫೋಟೊದಲ್ಲಿ ಇದೆ. ಡೀಸೆಲ್, ಟೋಲ್, ಊಟ, ಟಿಕೆಟ್, ಪಂಕ್ಚರ್ ಎಲ್ಲ ಸೇರಿ ತಲಾ 3,150. ಅದರಲ್ಲಿ ಜೀನ್ಸ್ ಸಾಗಿಸಿದ ಬಾಡಿಗೆ ಅಂತ ಕಾರಿನವನಿಂದ 400 ಮುರಿದುಕೊಂಡಿದ್ದಾನೆ.

ಕೊಪ್ಪಳದ ಅಕ್ಕ

ಹಳೇ ಸೆಂಟರ್ ಅವರೇ, ಒಂದು ಕೇಳಬೇಕಿತ್ತು. ನನ್ನ ಮಗಳಿಗೆ ಒಂಬತ್ತು ವರ್ಷ. ಕ್ಲಾಸಲ್ಲೇ ಸಣ್ಣವಳು. ಶಾಲೆಯಲ್ಲಿ ರಿಂಗ್ ಇದೆ, ಅವಳು ಎಸೆದರೆ ನೆಟ್‌ಗೂ ತಾಗಲ್ಲ. ಅಳುತ್ತಾ ಬರುತ್ತಾಳೆ. ಏನು ಮಾಡಲಿ?

ಹಳೇ ಸೆಂಟರ್, ಹೊಸಪೇಟೆ

ಅಕ್ಕಾ, ತಪ್ಪು ಮಗುವಿನದಲ್ಲ, ರಿಂಗಿನದು. ಹನ್ನೆರಡರೊಳಗಿನ ಮಕ್ಕಳಿಗೆ ಮಿನಿ ಬ್ಯಾಸ್ಕೆಟ್‌ಬಾಲ್ ಅಂತ ಬೇರೆಯೇ ಇದೆ. ರಿಂಗ್ 2.60 ಮೀಟರ್‌ಗೆ ಇರಬೇಕು, ಚೆಂಡು 5ನೇ ಸೈಜ್. ದೊಡ್ಡ ಹೆಂಗಸರು ಆಡೋದೇ 6, ಗಂಡಸರದು 7. ಶಾಲೆಯಲ್ಲಿ ಎಲ್ಲರಿಗೂ 7 ಕೊಟ್ಟಿರುತ್ತಾರೆ. ಭಾರದ ಚೆಂಡು ಸೊಂಟದಿಂದ ಎಸೆದು ಅಭ್ಯಾಸ ಆದರೆ ಆಮೇಲೆ ಬಿಡಿಸೋದು ಕಷ್ಟ.

ಮನೆ ಹಿತ್ತಲಲ್ಲಿ ಜಾಗ ಇದ್ದರೆ ಗೋಡೆಗೇ ಹಾಕಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸರಳು ಬಗ್ಗಿಸಿ ರಿಂಗ್ ಮಾಡಿಕೊಡುತ್ತಾರೆ. ಒಳಗಿನ ಅಳತೆ 45 ಸೆಂಟಿಮೀಟರ್ ಅಂತ ಹೇಳಿ. ಮೊದಲ ಆರು ತಿಂಗಳು ಎಸೆಯೋದಕ್ಕಿಂತ ಡ್ರಿಬಲ್ ಜಾಸ್ತಿ ಮಾಡಿಸಿ, ಎರಡೂ ಕೈಯಲ್ಲಿ.

ಕೊಪ್ಪಳದ ಅಕ್ಕ

ಹಿತ್ತಲಲ್ಲಿ ನುಗ್ಗೆ ಮರ ಇದೆ, ಅದರ ಪಕ್ಕದ ಗೋಡೆ ಆಗುತ್ತಾ? ಅಂಗಳ ಸಗಣಿ ಸಾರಿಸಿದ್ದು, ಚೆಂಡು ಪುಟಿಯುತ್ತಾ?

ಹಳೇ ಸೆಂಟರ್, ಹೊಸಪೇಟೆ

ಗೋಡೆ ಆಗುತ್ತೆ. ನೆಲ ಪುಟಿಯಲ್ಲ. ನಾಲ್ಕು ಕಡಪಾ ಕಲ್ಲು ಹಾಸಿ ಸಾಕು, ಡ್ರಿಬಲ್‌ಗೆ ಅಷ್ಟೇ ಜಾಗ ಬೇಕಿರೋದು. ಹಾರೋದು ಮಾತ್ರ ಮಣ್ಣಿನ ಮೇಲೇ ಹಾರಲಿ.